ಬಿಚ್ಚಣ್ಣನಿಗೊಂದು ಲಿನಕ್ಸ್

ನನ್ನ ತಮ್ಮನಿಗೆ ಹರ್ನಿಯಾ ಆಗಿ ವರ್ಷ ಕಳೆದಿತ್ತು. ಕೆಮ್ಮು ಬಂದರೆ, ಸೀನು ಬಂದರೆ, ಜೋರಾಗಿ ನಕ್ಕರೂ ಸರಿಯೇ, ಒಂದು ಕೈ ತೊಡೆಸಂದಿಯ ಮೇಲೆ ಹೋಗಿ ಅಲ್ಲಿನ ಗಂಟನ್ನು ಒಳಕ್ಕೆ ಒತ್ತಿ ಹಿಡಿಯುತ್ತಿತ್ತು. ಆಪರೇಷನ್ ಮಾಡಿಸಿಕೊಳ್ಳಲು ಅವನ ತಕರಾರೇನೂ ಇರಲಿಲ್ಲ. ಸರ್ಜನ್ ಒಪ್ಪಿದ್ದರು, ಹೆಂಡತಿ ರಜೆ ಹಾಕಲು ತಯಾರಿದ್ದಳು. ಯಾವ ಲಿನಕ್ಸ್ ಹಾಕಬೇಕೆಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ನಾನಿದನ್ನು ತಮಾಷೆಗೆ ಬರೆಯುತ್ತಿಲ್ಲ. ತಮಾಷೆ ನನಗೆ ಬರುವುದೂ ಇಲ್ಲ.

ಅವನ ನಿಜವಾದ ಹೆಸರು ಶಾಲೆಯ ಹಾಜರಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಗೆ ಬರಲಿಲ್ಲ. ಮನೆಯಲ್ಲಿ ಅವನು ಬಿಚ್ಚಣ್ಣ. ತೆವಳುವ ವಯಸ್ಸಿನಿಂದಲೇ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತಿದ್ದ: ಗೋಡೆ ಗಡಿಯಾರ, ಹೊಲಿಗೆ ಯಂತ್ರ, ನನ್ನ ಫೌಂಟನ್ ಪೆನ್ನು, ಬಚ್ಚಲಿನ ನಲ್ಲಿ. ಮತ್ತೆ ಜೋಡಿಸುತ್ತಲೂ ಇದ್ದ, ಅದನ್ನು ಅಲ್ಲಗಳೆಯಲಾರೆ. ಆದರೆ ಅವನು ಜೋಡಿಸಿದ ವಸ್ತು ಆಮೇಲೆ ಅವನೊಬ್ಬನ ಮಾತನ್ನೇ ಕೇಳುತ್ತಿತ್ತು. ಆ ನಲ್ಲಿಯನ್ನು ನಿಲ್ಲಿಸಲು ಹೋಗಿ ತಿರುಗಿಸಿದರೆ ಇನ್ನೂ ಜೋರಾಗಿ ಸುರಿಯುತ್ತಿತ್ತು. “ಉಲ್ಟಾ ತಿರುಗಿಸ್ಬೇಕು, ಹೀಗಾದ್ರೆ ವಾಷರ್ ಸವೆಯಲ್ಲ” ಎಂದು ವಿವರಿಸುತ್ತಿದ್ದ. ಮನೆಗೆ ಬಂದವರೆಲ್ಲ ಕೈ ತೊಳೆಯಲು ಹೋಗಿ ಮೈ ತೊಳೆದುಕೊಂಡು ಬರುತ್ತಿದ್ದರು. “ಇವನು ರಿಪೇರಿ ಮಾಡಿದ ಮನೇಲಿ ಇವನೊಬ್ಬನೇ ಇರಬೇಕು” ಎಂದು ಅಪ್ಪ ಹೇಳುತ್ತಿದ್ದರು. ಅಪ್ಪ ಸತ್ತರು, ನಲ್ಲಿ ಹಾಗೆಯೇ ಇತ್ತು.

ಓದಿನಲ್ಲಿ ಮನಸ್ಸಿರಲಿಲ್ಲ. ಟೈಪ್‌ರೈಟರ್ ರಿಪೇರಿ ಕಲಿತ, ಟೈಪ್‌ರೈಟರುಗಳೇ ಇಲ್ಲವಾದವು. ಆಸ್ಪತ್ರೆಯ ಉಪಕರಣಗಳನ್ನು ರಿಪೇರಿ ಮಾಡಲು ಕಲಿತ. ಹಾಗೆ ಒಂದು ದಿನ ಡಾಕ್ಟರಮ್ಮನ ಲ್ಯಾಬಿಗೆ ಕೆಟ್ಟ ಸೆಂಟ್ರಿಫ್ಯೂಜ್ ನೋಡಲು ಹೋದವನು ಅಲ್ಲಿಯೇ ಉಳಿದುಬಿಟ್ಟ. ರಕ್ತದ ನಳಿಕೆಗಳನ್ನು ಗರಗರ ತಿರುಗಿಸಿ ಕೆಂಪನ್ನೂ ನೀರನ್ನೂ ಬೇರೆ ಮಾಡುವ ಯಂತ್ರ ಅದು. ಡಾಕ್ಟರಮ್ಮ ರಕ್ತ, ಮೂತ್ರ ಪರೀಕ್ಷಿಸುವವರು. ಮಾತು ಕಡಿಮೆ, ಕನ್ನಡಕ ಯಾವಾಗಲೂ ಹಣೆಯ ಮೇಲೆ.

ಮದುವೆಯೂ ಇವನ ಈ ಕೈಚಳಕದಿಂದಲೇ ಆಯಿತು. ತನ್ನ ಕನ್ನಡಕದ ಸಡಿಲವಾದ ತಿರುಪು ಬಿಗಿಸಿಕೊಳ್ಳಲು ಕನ್ನಡಕದ ಅಂಗಡಿಗೆ ಹೋಗಿದ್ದಾನೆ. ಅಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ ಒಳಗೆ ಹೋಗಿ ಬರುವಷ್ಟರಲ್ಲಿ ಮೇಜಿನ ಮೇಲಿದ್ದ ಫ್ರೇಮುಗಳ ತಿರುಪುಗಳನ್ನೆಲ್ಲ ಬಿಚ್ಚಿ, ಎಣ್ಣೆ ಹಾಕಿ, ಮತ್ತೆ ಹಾಕಿ ಕೂತಿದ್ದಾನೆ. ಆ ಹುಡುಗಿಯೇ ನನ್ನ ತಮ್ಮನ ಹೆಂಡತಿ. ಈಗಲೂ ಅದೇ ಅಂಗಡಿಯಲ್ಲಿದ್ದಾಳೆ. “ಒಂದೇ ಸಲ ನೋಡಿ ನನ್ನನ್ನ ಒಪ್ಕೊಂಡ್ರು ಅಕ್ಕಾ. ಈ ಲಿನಕ್ಸಿಗೆ ಯೋಚನೆ ಮಾಡ್ತಿರೋ ಅರ್ಧದಷ್ಟು ಆಗ ಮಾಡಿದ್ದಿದ್ರೆ ನಾನು ಬಚಾವಾಗ್ತಿದ್ದೆ” ಎನ್ನುತ್ತಾಳೆ.

ಲ್ಯಾಬ್ ಇರುವುದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತಿದರೆ ಕೌಂಟರು, ಅದರ ಪಕ್ಕ ರಕ್ತ ತೆಗೆಯುವ ಕುರ್ಚಿ. ತೋಳಿಡುವ ಕಡೆ ರೆಕ್ಸಿನ್ ಸವೆದು ಒಳಗಿನ ಸ್ಪಂಜು ಕಾಣುತ್ತದೆ. ಹಿಂದಿನ ಕೋಣೆಯಲ್ಲಿ ಯಂತ್ರಗಳು. ಅದರಾಚೆ ಕಿಟಕಿಯಿಲ್ಲದ, ಸ್ಪಿರಿಟ್ಟಿನ ವಾಸನೆಯ ಒಂದು ಉಗ್ರಾಣ. ಅದು ಬಿಚ್ಚಣ್ಣನ ರಾಜ್ಯ. ರಿಪೋರ್ಟಿಗಾಗಿ ಕಾಯಿಲೆಯವರು ಮೆಟ್ಟಿಲು ಹತ್ತಿ ಇಳಿಯುವುದು ಬೇಡ, ಒಂದು ವೆಬ್‌ಸೈಟ್ ಮಾಡಿಸೋಣ ಎಂದು ಡಾಕ್ಟರಮ್ಮ ಅಂದಾಗ ಇವನು ಪುಸ್ತಕ ಓದಿ, ಅವರಿವರನ್ನು ಕೇಳಿ, ಆ ಉಗ್ರಾಣದಲ್ಲಿಯೇ ಅದನ್ನು ನಡೆಸುವ ಕಂಪ್ಯೂಟರನ್ನು, ಅಂದರೆ ಒಂದು ಸರ್ವರನ್ನು ಕಟ್ಟಿದ. ರಸೀದಿಯ ಮೇಲಿನ ನಂಬರನ್ನು ಹಾಕಿದರೆ ರಿಪೋರ್ಟು ಮನೆಯಲ್ಲೇ ತೆರೆಯುತ್ತದೆ. ಊರಿನ ಡಾಕ್ಟರುಗಳು ತಮ್ಮ ಮೇಜಿನಲ್ಲೇ ಕೂತು ನೋಡುತ್ತಾರೆ. ಚೆನ್ನಾಗಿಯೇ ಕಟ್ಟಿದ. ಬಿಚ್ಚಣ್ಣ ದಡ್ಡನಲ್ಲ. ದಡ್ಡನಾಗಿದ್ದರೆ ಒಳ್ಳೆಯದಿತ್ತು, ಹೇಳಿದ ಮಾತು ಕೇಳುತ್ತಿದ್ದ.

ಕಾಲಕ್ರಮದಲ್ಲಿ ಆ ಸರ್ವರನ್ನು ಓಡಿಸುವ ಮೂಲ ತಂತ್ರಾಂಶವಾದ ಲಿನಕ್ಸ್ ಹಳೆಯದಾಯಿತು. ಅದನ್ನು ಹೊರತಂದವರು ಅದಕ್ಕೆ ತೇಪೆ ಹಾಕುವುದನ್ನು ನಿಲ್ಲಿಸಿದರು. ತೇಪೆ ನಿಂತರೆ ಕಳ್ಳರಿಗೆ ಕಿಂಡಿ, ಅದೂ ರೋಗಿಗಳ ಗುಟ್ಟು ಇರುವ ಜಾಗದಲ್ಲಿ. ಹೊಸದಕ್ಕೆ ಸಾಗಿಸಲೇಬೇಕು. ಆದರೆ ಯಾವುದಕ್ಕೆ? ಲಿನಕ್ಸಿನ ತಿರುಳು ಒಂದೇ. ಅದರ ಸುತ್ತ ಬೇಕಾದ ಸಾಮಾನುಗಳನ್ನೆಲ್ಲ ಸೇರಿಸಿ ಬೇರೆ ಬೇರೆ ತಂಡದವರು ಬೇರೆ ಬೇರೆ ಗಂಟು ಕಟ್ಟಿ ಹಂಚುತ್ತಾರೆ. ಆ ಗಂಟುಗಳಿಗೆ ಡಿಸ್ಟ್ರಿಬ್ಯೂಷನ್ ಎಂದು ಹೆಸರು. ಬಿಚ್ಚಣ್ಣನ ಬಾಯಲ್ಲಿ ಡಿಸ್ಟ್ರೋ. ಇಂಥ ಗಂಟುಗಳು ನೂರಾರಿವೆಯಂತೆ. ಗಂಟು ಎಂದ ಮೇಲೆ ಬಿಚ್ಚಣ್ಣ ಬಿಡುತ್ತಾನೆಯೇ? ಒಂದೊಂದನ್ನೇ ತಂದು ಹಾಕಿ, ನೋಡಿ, ಅಳಿಸಿ, ಇನ್ನೊಂದನ್ನು ಹಾಕುತ್ತ ಕೂತ.

ಹಳೆಯ ಸರ್ವರ್ ಯಾವಾಗ ಮಲಗುತ್ತದೋ ಹೇಳಲಾಗದು. ಮಲಗಿದರೆ ಎಬ್ಬಿಸಲು ಇವನೊಬ್ಬನಿಗೇ ಗೊತ್ತು. ಆದ್ದರಿಂದ ಇವನು ಮಲಗುವಂತಿಲ್ಲ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ತಮ್ಮನ ಹೆಂಡತಿ ಫೋನ್ ಮಾಡಿದ್ದು ಒಂದು ಮಧ್ಯಾಹ್ನ.

“ಅಕ್ಕಾ, ಇವತ್ತು ಗಂಟು ಆಚೆ ಬಂದು ಸಿಕ್ಕಿಹಾಕ್ಕೊಂಡುಬಿಡ್ತು. ಒತ್ತಿದ್ರೂ ಒಳಗೆ ಹೋಗ್ಲಿಲ್ಲ. ಲ್ಯಾಬಿನ ಬೆಂಚಿನ ಮೇಲೆ ಮಲಗಿಸಿ, ಕಾಲು ಮಡಿಸಿ, ಡಾಕ್ಟರಮ್ಮನೇ ನಿಧಾನಕ್ಕೆ ಒಳಗೆ ಸೇರಿಸಿದ್ರು. ಬೆವರು ಅಂದ್ರೆ ಬೆವರು.”

“ಡಾಕ್ಟರಮ್ಮ ಏನಂದ್ರು?”

“ಮುಂದಿನ ಸಲ ಹೀಗಾಗಿ ಕರುಳಿಗೆ ರಕ್ತ ನಿಂತ್ರೆ ಕರುಳೇ ಕೊಳೆಯತ್ತೆ, ಆಗ ಸರ್ಜನ್ ಹತ್ರ ಹೋಗೋಷ್ಟು ಸಮಯನೂ ಇರುತ್ತೋ ಇಲ್ವೋ, ಅಂದ್ರು.”

“ಅವನೇನಂದ?”

“ಬೆಂಚಿನ ಮೇಲಿಂದ ಎದ್ದು, ಇನ್ನೊಂದೆರಡು ಡಿಸ್ಟ್ರೋ ನೋಡೋದಿದೆ ಅಂದ್ರು.”

ನಾನು ಜೀವನವಿಡೀ ಸಂಖ್ಯಾಶಾಸ್ತ್ರ ಕಲಿಸಿದವಳು. ತೀರ್ಮಾನ ತೆಗೆದುಕೊಳ್ಳಲಾರದವರನ್ನು ನೋಡಿದರೆ ನನಗೆ ಕರುಣೆ ಹುಟ್ಟುವುದಿಲ್ಲ, ಮೈಯುರಿಯುತ್ತದೆ. ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಮರುದಿನವೇ ಬಸ್ಸು ಹತ್ತಿದೆ.

“ಆಪರೇಷನ್ ಯಾವಾಗ?” ಎಂದು ಬಾಗಿಲಲ್ಲೇ ಕೇಳಿದೆ.

“ಬಾ ಅಕ್ಕಾ, ಮೊದಲು ಕೂತ್ಕೋ. ಸರ್ವರ್ ಆದ ಮೇಲೆ.”

“ಸರ್ವರ್ ಯಾವಾಗ?”

“ಡಿಸ್ಟ್ರೋ ತೀರ್ಮಾನ ಆದ ಮೇಲೆ.”

“ಅದು ಯಾವಾಗ?”

“ಅದೆಲ್ಲ ಆತುರ ಪಡೋ ವಿಷಯ ಅಲ್ಲಕ್ಕಾ. ಒಂದು ಸಲ ಹಾಕಿದ್ರೆ ವರ್ಷಗಟ್ಟಲೆ ಅದರ ಜೊತೆ ಬಾಳಬೇಕು.”

“ನೀನು ವರ್ಷಗಟ್ಟಲೆ ಬಾಳೋದು ಗ್ಯಾರಂಟಿ ಆಗ್ಲಿ ಮೊದಲು” ಎಂದೆ. ಅವನ ಹೆಂಡತಿ ಚಹಾದ ತಟ್ಟೆ ಇಟ್ಟು, “ನಾನು ಹೇಳೋ ಮಾತಲ್ಲ ಅಂತ ಬಿಟ್ಟಿದ್ದೆ, ನೀವೇ ಹೇಳಿದ್ರಿ, ಸದ್ಯ” ಎಂದಳು.

ಚಹಾ ಕುಡಿಯುವಾಗ ಅವನ ಪುರಾಣ ಶುರುವಾಯಿತು. ಡೆಬಿಯನ್ ಎಂಬ ಡಿಸ್ಟ್ರೋ ಗಟ್ಟಿ, ಆದರೆ ಅದರಲ್ಲಿ ಎಲ್ಲದರದ್ದೂ ಸ್ವಲ್ಪ ಹಳೆಯ ಆವೃತ್ತಿ. ಫೆಡೋರಾದಲ್ಲಿ ಹೊಸದು ಬೇಗ ಬರುತ್ತದೆ, ಆದರೆ ಅಷ್ಟೇ ಬೇಗ ಅದರ ಅವಧಿಯೂ ಮುಗಿಯುತ್ತದೆ. ಉಬುಂಟುವನ್ನು ಐದು ವರ್ಷ ನೋಡಿಕೊಳ್ಳುತ್ತಾರೆ, ಆದರೆ ಅದರಲ್ಲಿ ಅವನಿಗೆ ಬೇಡದ ಒಂದೆರಡು ಸಂಗತಿಗಳಿವೆ. ಅಲ್ಮಾ ಇನ್ನೂ ಹೆಚ್ಚು ವರ್ಷ ಬಾಳುತ್ತದೆ, ಆದರೆ ಅವನ ಬೆರಳುಗಳಿಗೆ ಅದರ ಅಭ್ಯಾಸವಿಲ್ಲ. ಪ್ರತಿಯೊಂದಕ್ಕೂ ಒಂದು ‘ಆದರೆ’.

“ಆರ್ಚ್ ಅಂತಾನೂ ಒಂದಿದೆ ಅಂತ ಓದಿದ್ದೆ” ಎಂದೆ.

“ಅಯ್ಯೋ, ಅದರ ಹೆಸರೆತ್ತಬೇಡಿ ಅಕ್ಕಾ” ಎಂದಳು ಅವಳು. “ಅದನ್ನ ಹಾಕಿದ್ದಾಗ ಇವರು ಊಟಕ್ಕೂ ಮನೆಗೆ ಬರ್ತಿರಲಿಲ್ಲ.”

“ಅದು ಕಲಿಯಕ್ಕೆ ಅಂತ ಹಾಕಿದ್ದು” ಎಂದ ಬಿಚ್ಚಣ್ಣ.

“ಕಲಿತ್ರಾ?”

“ಕಲಿತೆ.”

“ಏನು?”

“ಅದು ನಮ್ಮ ಕೆಲಸಕ್ಕೆ ಬೇಡ ಅಂತ.”

ಇದಕ್ಕೆ ಒಂದು ವಿಧಾನವಿದೆ ಎಂದು ನಾನು ಕಾಗದ ತರಿಸಿದೆ. ಸರ್ವರಿಗೆ ಬೇಕಾದ ಗುಣಗಳು ಯಾವುವು, ಯಾವ ಗುಣಕ್ಕೆ ಎಷ್ಟು ತೂಕ, ಯಾವ ಲಿನಕ್ಸಿಗೆ ಎಷ್ಟು ಅಂಕ ಎಂದು ಅವನ ಬಾಯಿಂದಲೇ ಹೇಳಿಸಿ ಲೆಕ್ಕ ಹಾಕಿದೆ. ಡೆಬಿಯನ್ ಮುಂದೆ ಬಂತು. ಅವನ ಮುಖ ಸಪ್ಪಗಾಯಿತು. ಭದ್ರತೆಗೆ ತೂಕ ಕಡಿಮೆಯಾಯಿತು ಎಂದ. ಹೆಚ್ಚಿಸಿದೆ. ಅಲ್ಮಾ ಮುಂದೆ ಬಂತು. ಆಗ ಅವನಿಗೆ ಕೈಯ ಅಭ್ಯಾಸ ನೆನಪಾಯಿತು. ಅದನ್ನೂ ಸೇರಿಸಿದೆ. ಉಬುಂಟು ಮುಂದೆ ಬಂತು. “ಹಾಗಾದ್ರೆ ಸರಳತೆಗೆ ಅಷ್ಟೊಂದು ಯಾಕೆ?” ಎಂದ. ದೀಪ ಹಾಕುವ ಹೊತ್ತಿಗೆ ಎಲ್ಲವೂ ಕೂದಲೆಳೆಯ ಅಂತರದಲ್ಲಿ ಸಮವಾಗಿ ನಿಂತಿದ್ದವು.

“ನೋಡಿದ್ಯಾ ಅಕ್ಕಾ?” ಎಂದ, ಗೆದ್ದವನ ಹಾಗೆ. “ನಿನ್ನ ಸಂಖ್ಯಾಶಾಸ್ತ್ರನೂ ನಾನು ಹೇಳಿದ್ದನ್ನೇ ಹೇಳ್ತಿದೆ. ಇನ್ನೂ ಪರೀಕ್ಷೆ ಮಾಡ್ಬೇಕು.”

ನಾನು ಪರೀಕ್ಷೆಗಳಲ್ಲಿ ನಕಲು ಹೊಡೆದವರನ್ನು ಹಿಡಿದಿದ್ದೇನೆ. ಪ್ರಶ್ನೆಪತ್ರಿಕೆಯನ್ನೇ ತಿದ್ದುವವನನ್ನು ನೋಡಿದ್ದು ಅದೇ ಮೊದಲು.

ಮರುದಿನ ಅವನ ಜೊತೆ ಲ್ಯಾಬಿಗೆ ಹೋದೆ. ನಳಿಕೆಗಳು ಬಂದಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಕೂತು, ಇವನು ಪರೀಕ್ಷೆ ಎಂದು ಕರೆಯುವುದು ಏನನ್ನು ಎಂದು ನೋಡಿದೆ. ಸರ್ವರಿನ ಪಕ್ಕದಲ್ಲಿ ಇನ್ನೊಂದು ಹಳೆಯ ಕಂಪ್ಯೂಟರ್ ಇತ್ತು, ಪ್ರಯೋಗಕ್ಕೆ. ಅಂಗಿಯ ಜೇಬಿನಲ್ಲಿ ಒಂದು ಹಿಡಿ ಪೆನ್ ಡ್ರೈವುಗಳು, ಒಂದೊಂದರಲ್ಲಿ ಒಂದೊಂದು ಲಿನಕ್ಸ್. ಕಲೆಸಿಹೋಗದಿರಲೆಂದು ಅವನ ಹೆಂಡತಿ ಬಣ್ಣಬಣ್ಣದ ದಾರ ಕಟ್ಟಿದ್ದಳು. ಹಳದಿ ದಾರದ್ದನ್ನು ಚುಚ್ಚಿ ಹೊಸ ಲಿನಕ್ಸ್ ಹಾಕಿದ. ಅದು ಸಲೀಸಾಗಿ ಬಂದು ಕೂತಿತು. ಇಷ್ಟೇನಾ ಎಂದುಕೊಂಡೆ. ಅವನ ಕೆಲಸ ಆಗಿನ್ನೂ ಶುರುವಾಗಿತ್ತು.

ಅದರೊಳಗೆ ಬಂದಿದ್ದ, ಪುಟಗಳನ್ನು ಹೊರಗಿನವರಿಗೆ ಬಡಿಸುವ ವೆಬ್ ಸರ್ವರ್ ಎಂಬ ತಂತ್ರಾಂಶವನ್ನು ತೆಗೆದುಹಾಕಿದ. ತಾನೇ ಮೂಲದಿಂದ ಕಟ್ಟಿಕೊಂಡದ್ದನ್ನು ಹಾಕಿದ. ಅದರ ಕಾವಲಿನ ನಿಯಮಗಳನ್ನು ಅಳಿಸಿ ತನ್ನ ನಿಯಮಗಳನ್ನು ಬರೆದ. ಫೈಲುಗಳು ಇರಬೇಕಾದ ಜಾಗ ಬಿಟ್ಟು ತನಗೆ ಒಗ್ಗಿದ ಜಾಗಕ್ಕೆ ಎಲ್ಲವನ್ನೂ ಸಾಗಿಸಿದ. ಕೊನೆಗೆ ಪರದೆಯ ಅಕ್ಷರಗಳ ಬಣ್ಣವನ್ನೂ ಹಳೆಯ ಸರ್ವರಿನ ಹಸಿರಿಗೆ ತಿರುಗಿಸಿದ. ಊಟದ ಹೊತ್ತು ದಾಟಿತ್ತು. ಬೆನ್ನು ನೆಟ್ಟಗೆ ಮಾಡಿ, ಗಂಟನ್ನೊಮ್ಮೆ ಒತ್ತಿಕೊಂಡು, ನಿಟ್ಟುಸಿರು ಬಿಟ್ಟ.

“ಈಗ ನೀನೇ ನೋಡು. ಹೋದ ಸಲ ಹಾಕಿದ್ದಕ್ಕೂ ಇದಕ್ಕೂ ಏನಾದ್ರೂ ವ್ಯತ್ಯಾಸ ಇದ್ಯಾ? ಎಲ್ಲಾ ಒಂದೇ ಥರ. ಹೆಂಗಕ್ಕಾ ಆರಿಸೋದು?”

ಬಂದ ಬಾಡಿಗೆದಾರರಿಗೆಲ್ಲ ತನ್ನ ಅಂಗಿ ತೊಡಿಸಿ, ತನ್ನ ಹಾಗೆ ಕ್ರಾಪು ಹೊಡೆಸಿ, ಇವರಲ್ಲಿ ಯಾರನ್ನು ಇಟ್ಟುಕೊಳ್ಳುವುದೋ ಗೊತ್ತಾಗುತ್ತಿಲ್ಲ ಎಂದು ಒಬ್ಬ ಮನೆ ಯಜಮಾನ ಗೋಳಾಡಿದರೆ ಅವನಿಗೆ ಏನೆಂದು ಹೇಳುವುದು?

“ಬಿಚ್ಚಣ್ಣ,” ಎಂದೆ, “ನೀನು ಲಿನಕ್ಸನ್ನ ಪರೀಕ್ಷೆ ಮಾಡ್ತಿಲ್ಲ. ಎಲ್ಲರ ಉತ್ತರಪತ್ರಿಕೆನೂ ನೀನೇ ಬರೀತಿದ್ದೀಯ. ಎಲ್ಲರಿಗೂ ಒಂದೇ ಅಂಕ ಬರದೆ ಇನ್ನೇನಾಗತ್ತೆ?”

“ಹಂಗಲ್ಲಕ್ಕಾ, ಸ್ವಲ್ಪ ನಮ್ಮ ಕೈಗೆ ಒಗ್ಗಿಸ್ಕೊಳ್ಳದೆ—”

“ನಮ್ಮ ಕೈಗೆ ಅನ್ನಬೇಡ. ನಿನ್ನ ಕೈಗೆ. ಆ ಕೈ ಆಸ್ಪತ್ರೆ ಮಂಚದ ಮೇಲಿದ್ದಾಗ ಇದನ್ನ ಯಾರು ನೋಡ್ಕೋಬೇಕು?”

ಕೌಂಟರಿನಾಕೆ ರಿಪೋರ್ಟುಗಳ ಕಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಡುವಯಸ್ಸು, ಕಂಚಿನ ಕಂಠ. ಜಗಳಕ್ಕೆ ಬಂದ ರೋಗಿಗಳನ್ನು ಕುರ್ಚಿಯಿಂದ ಏಳದೆಯೇ ಮೆಟ್ಟಿಲಿಳಿಸುವವಳು.

“ನಾನಂತೂ ಮುಟ್ಟಲ್ಲಮ್ಮ” ಎಂದಳು. “ಹಿಂದೊಂದು ಸಲ ಇವರು ನೆಗಡಿ ಅಂತ ಮಲಗಿದ್ದಾಗ ಸೈಟ್ ನಿಂತೋಯ್ತು. ಫೋನ್ ಮಾಡಿದ್ರೆ, ಅಲ್ಲಿ ಬರೆದಿರೋದನ್ನ ನಂಬಬೇಡ, ಅದು ಸುಳ್ಳು ಹೇಳತ್ತೆ, ನಾನು ಬೇರೆ ಕಡೆ ಇಟ್ಟಿದ್ದೀನಿ ಅಂದ್ರು. ಸುಳ್ಳು ಹೇಳೋ ಮಿಷಿನ್ ಇಟ್ಕೊಂಡು ನಾನೇನು ಮಾಡ್ಲಿ?”

ಆಗ ನನಗೆ ಪರೀಕ್ಷೆಯನ್ನು ಹೇಗೆ ಮಾಡಬೇಕೆಂದು ಹೊಳೆಯಿತು. ಲಿನಕ್ಸ್ ಹೇಗೆ ಬರುತ್ತದೋ ಹಾಗೆಯೇ ಇರಬೇಕು. ಹಾಕುವವರು ಇಬ್ಬರು: ಕೌಂಟರಿನಾಕೆ ಮತ್ತು ನನ್ನ ತಮ್ಮನ ಹೆಂಡತಿ. ಅದರ ಜೊತೆಗೇ ಬರುವ ಸೂಚನೆಗಳನ್ನು ಓದಿಕೊಂಡು ಹಾಕಬೇಕು. ಪ್ರಯೋಗದ ಕಂಪ್ಯೂಟರಿನಲ್ಲಿ ಒಂದು ಮಾದರಿ ರಿಪೋರ್ಟು ತೆರೆದರೆ ಪಾಸು. ಬಿಚ್ಚಣ್ಣ ಬಾಯಿ ಬಿಟ್ಟರೆ ಪರೀಕ್ಷೆ ರದ್ದು.

“ಕೆಟ್ಟುಹೋದ್ರೆ?” ಎಂದಳು ಕೌಂಟರಿನಾಕೆ.

“ಕೆಡಲಿ. ಕೆಡತ್ತಾ ಅಂತ ನೋಡೋಕೇ ಮಾಡ್ತಿರೋದು.”

“ಹಾಗಿದ್ರೆ ಸರಿ. ಆದ್ರೆ ಸಾರ್ ನನ್ನ ಪಕ್ಕ ನಿಂತು ಉಸಿರು ಬಿಡಬಾರದು.”

ಲ್ಯಾಬಿಗೆ ರಜೆಯಿದ್ದ ದಿನ ಎಲ್ಲರೂ ಸೇರಿದೆವು. ಡಾಕ್ಟರಮ್ಮನೂ ಬಂದರು. ಬಿಚ್ಚಣ್ಣ ಶುರುವಿಗೇ ತಗಾದೆ ತೆಗೆದ. ಯಾವುದನ್ನು ಮೊದಲು ಪರೀಕ್ಷಿಸಬೇಕು ಎಂಬುದಕ್ಕೂ ಒಂದು ಕ್ರಮ ಬೇಕಂತೆ. ಮೊದಲನೆಯದರಲ್ಲಿ ಕಲಿತದ್ದು ಎರಡನೆಯದಕ್ಕೆ ಅನುಕೂಲವಾಗಿ ಫಲಿತಾಂಶ ವಾಲುತ್ತದಂತೆ. ಮಾತು ನಿಜ, ನಾನೇ ಅವನಿಗೆ ಯಾವಾಗಲೋ ಹೇಳಿದ್ದು. ಅದಕ್ಕೇ ಇನ್ನಷ್ಟು ರೇಗಿತು. ಅವನ ಜೇಬಿಗೆ ಕೈ ಹಾಕಿ ಸಿಕ್ಕಿದ್ದನ್ನು ಎಳೆದೆ. ನೀಲಿ ದಾರ.

“ಇದ್ಯಾವುದು?”

“ಡೆಬಿಯನ್. ಆದ್ರೆ ಅಕ್ಕಾ, ಹಿಂಗೆಲ್ಲ ಕೈಗೆ ಸಿಕ್ಕಿದ್ದು ತಗೊಳೋದಾ! ಇದೇನು ತರಕಾರಿನಾ?”

“ತರಕಾರಿನ ನಾನು ನೋಡಿ ತಗೋತೀನಿ. ಕೂತ್ಕೋ.”

ರಕ್ತ ತೆಗೆಯುವ ಕುರ್ಚಿಯಲ್ಲಿ ಕೂರಿಸಿದೆವು. ಕೂತ ಗಳಿಗೆಯಿಂದ ಅವನ ಬಾಯಿ ನಿಲ್ಲಲಿಲ್ಲ. ಕೀಲಿಮಣೆಯನ್ನು ಹೀಗಿಟ್ಟುಕೊಳ್ಳಿ, ಭಾಷೆ ಕೇಳಿದಾಗ ನೋಡಿ, ಡಿಸ್ಕನ್ನು ಅದು ಹೇಳಿದ ಹಾಗೆ ಭಾಗ ಮಾಡಬೇಡಿ. ಡಾಕ್ಟರಮ್ಮ ಹಣೆಯ ಮೇಲಿನ ಕನ್ನಡಕವನ್ನು ಕಣ್ಣಿಗಿಳಿಸಿ, ಮೇಜಿನ ಖಾನೆಯಿಂದ ಥರ್ಮಾಮೀಟರ್ ತೆಗೆದು, ಒರೆಸಿ, ಅವನ ನಾಲಿಗೆಯ ಕೆಳಗಿಟ್ಟರು.

“ತುಟಿ ಮುಚ್ಚಿ. ಬಿಟ್ರೆ ಮೊದಲಿಂದ ಇಡ್ತೀನಿ.”

ತಮ್ಮನ ಹೆಂಡತಿ ಫೋನಿನಲ್ಲಿ ಸೂಚನೆಗಳನ್ನು ಜೋರಾಗಿ ಓದಿದಳು, ಕೌಂಟರಿನಾಕೆ ಎರಡೇ ಬೆರಳಲ್ಲಿ ಕುಟ್ಟಿದಳು. ಇಬ್ಬರೂ ಜಗಳವಾಡಿದರು. “ನಿಧಾನಕ್ಕೆ ಓದಿ, ನಾನೇನು ಕುದುರೆನಾ?” “ನೀವೇ ಒಂದು ಸಾಲು ಬಿಟ್ರಿ, ಕನ್ನಡಕ ಸರಿಯಾಗಿ ಹಾಕ್ಕೊಳ್ಳಿ ಮೊದಲು. ಮೂಗಿಂದ ಜಾರ್ತಿದೆ, ನಾಳೆ ಅಂಗಡಿಗೆ ಬನ್ನಿ.” ಅದು ಕೇಳಿದ ಪ್ರಶ್ನೆಗಳಿಗೆಲ್ಲ ಅದೇ ಸೂಚಿಸಿದ ಉತ್ತರವನ್ನು ಒಪ್ಪುತ್ತ ಹೋದರು. ಪ್ರತಿ ಒಪ್ಪಿಗೆಗೂ ಕುರ್ಚಿಯಿಂದ ಒಂದು ನರಳಾಟ ಕೇಳುತ್ತಿತ್ತು. ಲಿನಕ್ಸ್ ಕೂತಿತು. ವೆಬ್ ಸರ್ವರ್ ಬಂತು. ರಿಪೋರ್ಟಿನ ಪುಟಗಳನ್ನು ನಕಲು ಮಾಡಿದರು. ತೆರೆದರೆ, ಅನುಮತಿ ಇಲ್ಲ ಎಂಬ ಒಂದು ಸಾಲು ಬಿಟ್ಟು ಬೇರೇನೂ ಕಾಣಲಿಲ್ಲ.

ಬಿಚ್ಚಣ್ಣನ ಕಣ್ಣು ಅರಳಿತು. ಮೂಗಿನಲ್ಲೇ ಏನೋ ಹೇಳಲು ನೋಡಿದ. ಕೈಯಿಂದ ಗಾಳಿಯಲ್ಲಿ ಅಕ್ಷರ ಬರೆದ. ಡಾಕ್ಟರಮ್ಮ ಆ ಕೈಯನ್ನು ಹಿಡಿದು ನಾಡಿ ನೋಡತೊಡಗಿದರು.

“ಆ ಸಾಲನ್ನ ಹಾಗೇ ಇಂಟರ್ನೆಟ್ಟಲ್ಲಿ ಹುಡುಕಿ ನೋಡು” ಎಂದೆ ತಮ್ಮನ ಹೆಂಡತಿಗೆ. ಹುಡುಕಿದಳು. ಇದೇ ಲಿನಕ್ಸ್, ಇದೇ ಆವೃತ್ತಿ, ಇದೇ ತೊಡಕು. ಯಾರೋ ಕೇಳಿದ್ದರು, ಇನ್ಯಾರೋ ಹೇಳಿದ್ದರು. ಫೈಲುಗಳನ್ನು ನಕಲು ಮಾಡಿದವರ ಹೆಸರಿನಲ್ಲಿಯೇ ಅವು ಉಳಿದಿವೆ, ಬೇರೆಯವರಿಗೆ ಓದುವ ಹಕ್ಕು ಕೊಡಬೇಕು, ಅಷ್ಟೇ. ಹೇಳಿದ ಸಾಲನ್ನು ಕೌಂಟರಿನಾಕೆ ಕುಟ್ಟಿದಳು. ಮಾದರಿ ರಿಪೋರ್ಟು ತೆರೆದುಕೊಂಡಿತು: ಹಿಮೋಗ್ಲೋಬಿನ್, ಸಕ್ಕರೆ, ಕೆಳಗೆ ಡಾಕ್ಟರಮ್ಮನ ಸಹಿ.

“ಅಯ್ಯೋ, ಬಂತು ಕಣ್ರೀ!” ಎಂದು ಕಿರುಚಿದಳು. ಪಕ್ಕದ ಕಟ್ಟಡದಲ್ಲಿ ಯಾರೋ ಕಿಟಕಿ ತೆರೆದ ಸದ್ದಾಯಿತು.

ಬಿಚ್ಚಣ್ಣ ಥರ್ಮಾಮೀಟರನ್ನು ಕಿತ್ತು, “ಸರಿ, ಪರವಾಗಿಲ್ಲ. ಈಗ ಕೆಂಪು ದಾರದ್ದು” ಎಂದ.

“ಕೆಂಪೂ ಇಲ್ಲ, ಹಳದೀನೂ ಇಲ್ಲ. ಮುಗೀತು.”

“ಮುಗೀತು ಅಂದ್ರೆ? ಉಳಿದದ್ದನ್ನ ನೋಡ್ದೆ ಇದೇ ಅತ್ಯುತ್ತಮ ಅಂತ ಹೆಂಗೆ ಗೊತ್ತಾಗತ್ತೆ? ನೀನು ಪಾಠ ಹೇಳಿದವಳು, ನೀನೇ ಹೀಗಂದ್ರೆ?”

“ಗೊತ್ತಾಗಲ್ಲ. ಗೊತ್ತಾಗೋದೂ ಬೇಡ. ಅತ್ಯುತ್ತಮ ಯಾರಿಗೆ ಬೇಕಿತ್ತು? ನೀನಿಲ್ಲದೆ ನಡೆಯೋದು ಬೇಕಿತ್ತು, ಸಿಕ್ತು. ಉಳಿದದ್ದರಲ್ಲೂ ಹೀಗೇ ನಡೀತಿತ್ತೇನೋ. ನಡೀಲಿ, ಅವುಗಳ ಪಾಡಿಗೆ.”

ಅವನು ಡಾಕ್ಟರಮ್ಮನ ಕಡೆ ತಿರುಗಿದ. ಅವರು ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ಓದುತ್ತಿದ್ದರು.

“ನನ್ನ ಹೊಸ ರಕ್ತಕಣ ಎಣಿಸೋ ಮಿಷಿನ್ ಯಾಕೆ ತಗೊಂಡೆ ಗೊತ್ತಾ?” ಎಂದರು. “ಅದಕ್ಕಿಂತ ಒಳ್ಳೇವು ಇದ್ವು. ಇದನ್ನ ರಿಪೇರಿ ಮಾಡೋರು ಈ ಊರಲ್ಲಿ ತುಂಬಾ ಜನ ಇದ್ದಾರೆ. ಅದಕ್ಕೆ. ಜ್ವರ ಇಲ್ಲ ನಿಮಗೆ. ಆಪರೇಷನ್ನಿಗೆ ಹೋಗಬಹುದು.”

ಬಿಚ್ಚಣ್ಣ ಸವೆದ ರೆಕ್ಸಿನ್ನಿನಿಂದ ಸ್ಪಂಜು ಕೀಳುತ್ತ ಕೂತ. ಆಮೇಲೆ ಯಾರ ಮುಖವನ್ನೂ ನೋಡದೆ, “ನಾನಿಲ್ಲದೆ ನಡೆಯತ್ತೆ ಅಂದ್ಮೇಲೆ ನಾನು ಯಾಕಿರಬೇಕು?” ಎಂದ.

ಇಂಥ ಮಾತಿಗೆ ಬೇರೆ ಅಕ್ಕಂದಿರು ಕಣ್ಣೊರೆಸಿಕೊಳ್ಳುತ್ತಾರೇನೋ. “ಮೊದಲು ಬದುಕಿರು. ಯಾಕಿರಬೇಕು ಅನ್ನೋದು ಎರಡನೇ ಪ್ರಶ್ನೆ” ಎಂದೆ. ಕೌಂಟರಿನಾಕೆ, “ಸೆಂಟ್ರಿಫ್ಯೂಜ್ ನಿನ್ನೆಯೆಲ್ಲ ಕಟಕಟ ಅಂತಿತ್ತು, ಅದನ್ನೂ ನಾನೇ ಮಾಡ್ಲಾ? ಮಾತಾಡ್ತಾ ಕೂತಿದ್ದಾರೆ” ಎಂದಳು. ಎದ್ದು ಹೋಗಿ ಅದನ್ನು ಬಿಚ್ಚಿದ.

ನಂತರ ಸರ್ವರಿಗೆಂದು ಹೊಸ ಕಂಪ್ಯೂಟರ್ ಬಂತು, ಅದರೊಳಗೆ ಡೆಬಿಯನ್ ಬಂದ ಹಾಗೆಯೇ ಕೂತಿತು, ಹಳೆಯ ರಿಪೋರ್ಟುಗಳೆಲ್ಲ ಅಲ್ಲಿಗೆ ಸಾಗಿದವು. ಆ ಕೆಲಸದಲ್ಲಿ ಬಿಚ್ಚಣ್ಣನೇ ಮುಂದಿದ್ದ. ಅದನ್ನು ಅವನಷ್ಟು ಅಚ್ಚುಕಟ್ಟಾಗಿ ಬೇರೆ ಯಾರೂ ಮಾಡಲಾರರು. ಎರಡೇ ಷರತ್ತು: ಏನು ಮಾಡಿದರೂ ಕೌಂಟರಿನಾಕೆಗೆ ಹೇಳಿಯೇ ಮಾಡಬೇಕು, ಮತ್ತು ಮುಖ್ಯ ಪಾಸ್‌ವರ್ಡ್ ಅವಳ ಹತ್ತಿರವೇ ಇರಬೇಕು. ಅವನು ಒಮ್ಮೆ, ಸುಮ್ಮನೆ ನೋಡಬೇಕು ಎಂದು, ತಾನು ಕಟ್ಟಿದ ವೆಬ್ ಸರ್ವರನ್ನು ಒಳಗೆ ಸೇರಿಸಲು ಪಾಸ್‌ವರ್ಡ್ ಕೇಳಿದನಂತೆ. “ಸುಮ್ಮನೆ ನೋಡೋಕೆ ಪಾಸ್‌ವರ್ಡ್ ಯಾಕೆ ಸಾರ್? ಇಲ್ಲಿಂದಲೇ ಕಾಣತ್ತಲ್ಲ” ಎಂದಳಂತೆ. ನಾನು ಆಪರೇಷನ್ ಮುಗಿಯುವವರೆಗೆ ಊರಿಗೆ ಹೋಗುವುದಿಲ್ಲ ಎಂದು ತಿಳಿಸಿದೆ. ಅದರ ಮೇಲೆ ದಿನ ಗೊತ್ತುಮಾಡಲು ತಡವಾಗಲಿಲ್ಲ.

ಆಸ್ಪತ್ರೆಯಲ್ಲಿ ಅವನಿಗೆ ಹಸಿರು ಗೌನು ತೊಡಿಸಿ, ತಲೆಗೆ ಟೊಪ್ಪಿ ಹಾಕಿ, ತಳ್ಳುಮಂಚದ ಮೇಲೆ ಮಲಗಿಸಿದ್ದರು. ಸರ್ಜನ್ ಬಂದು, ರಕ್ತದ ರಿಪೋರ್ಟ್ ಎಲ್ಲಿ ಎಂದು ತಾವೇ ಫೋನಿನಲ್ಲಿ ಲ್ಯಾಬಿನ ಸೈಟ್ ತೆರೆದರು. ತಮ್ಮನ ಹೆಂಡತಿ ನನ್ನ ಕೈ ಹಿಡಿದಳು. ಸಕ್ಕರೆ ಹೆಚ್ಚಿದ್ದರೆ ಮುಂದೂಡುತ್ತಾರೆಂಬ ಭಯ ಅವಳಿಗೆ. ಸರ್ಜನ್ ಓದುತ್ತಿದ್ದರೆ ಬಿಚ್ಚಣ್ಣ ಮಂಚದಿಂದ ಕತ್ತು ಎತ್ತಿದ.

“ಎಷ್ಟು ಹೊತ್ತು ತಗೊಳ್ತು?”

“ಏನು?”

“ಪುಟ. ತಕ್ಷಣ ಬಂತಾ, ಸುತ್ತಿ ಸುತ್ತಿ ಬಂತಾ?”

“ತಕ್ಷಣ ಬಂತು. ಸಕ್ಕರೆ ಸರಿಯಾಗಿದೆ. ಎಲ್ಲಾ ಸರಿಯಾಗಿದೆ.”

“ಒಂದು ಸಲ ತೋರಿಸಿ.” ಸರ್ಜನ್ ಪಾಪ, ರೋಗಿ ತನ್ನ ಸಕ್ಕರೆ ನೋಡಬೇಕೆನ್ನುತ್ತಾನೆ ಎಂದುಕೊಂಡು ಫೋನನ್ನು ಅವನ ಮುಖದ ಮುಂದೆ ಹಿಡಿದರು. “ಶಿರೋನಾಮೆ ಎಡಕ್ಕೆ ಸರಿದಿದೆ!” ಎಂದ ಬಿಚ್ಚಣ್ಣ. “ನಡುವೆ ಇರಬೇಕಿತ್ತು. ನನ್ನ ಫೋನ್ ಕೊಡು, ಕೌಂಟರಿಗೆ ಒಂದು ಮಾತು—”

ಅವನ ಫೋನು ಹೆಂಡತಿಯ ಕೈಚೀಲದಲ್ಲಿತ್ತು. ಅವಳು ಚೀಲದ ಜಿಪ್ಪನ್ನು ಎಳೆದಳು. ಮಂಚವನ್ನು ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚುವವರೆಗೂ ಶಿರೋನಾಮೆಯ ವಿಷಯ ಕೇಳಿಸುತ್ತಿತ್ತು.

ಆಪರೇಷನ್ ಸರಿಯಾಗಿ ಆಯಿತು. ಅವನು ಮನೆಯಲ್ಲಿ ಮಲಗಿದ್ದಷ್ಟು ಕಾಲ ಲ್ಯಾಬಿನಿಂದ ಒಂದು ಫೋನೂ ಬರಲಿಲ್ಲ. ಮಧ್ಯೆ ಒಮ್ಮೆ ಸೈಟ್ ನಿಂತಿತ್ತಂತೆ. ಕೌಂಟರಿನಾಕೆ ಅದು ಹೇಳಿದ ಸಾಲನ್ನು ಹುಡುಕಿ, ಯಾರೋ ಹೇಳಿದ ಹಾಗೆ ಮಾಡಿ ಸರಿಪಡಿಸಿ, ಚಹಾ ಕುಡಿಯಲು ಹೋದಳಂತೆ. ಇದು ಅವನಿಗೆ ಗೊತ್ತಾದದ್ದು ಕೆಲಸಕ್ಕೆ ಮರಳಿದ ಮೇಲೆ. ಅಷ್ಟು ಹೊತ್ತಿಗೆ ನಾನು ನನ್ನ ಮನೆಗೆ ಬಂದಿದ್ದೆ.

ಒಂದು ಬೆಳಗ್ಗೆ ಬಟಾಣಿ ಬಿಡಿಸುತ್ತಿದ್ದಾಗ ಬಿಚ್ಚಣ್ಣನ ಫೋನ್ ಬಂತು. ಶಿರೋನಾಮೆಯನ್ನು ನಡುವೆ ತರಬೇಕೆಂದು ಕೌಂಟರಿನಾಕೆಯನ್ನು ಕೇಳಿದ್ದಾನೆ. “ಯಾಕೆ ಸಾರ್?” ಎಂದಿದ್ದಾಳೆ. “ಚೆನ್ನಾಗಿರತ್ತೆ” ಎಂದಿದ್ದಾನೆ. “ಯಾರಾದ್ರೂ ರೋಗಿ ಕೇಳಿದ್ರಾ?” ಎಂದಿದ್ದಾಳೆ. ಇಷ್ಟಕ್ಕೆ ಅವನು ಕೆಂಡವಾಗಿದ್ದ. ಇದು ಯಾವ ನ್ಯಾಯ, ತಾನು ಕಟ್ಟಿದ ಸೈಟು, ತನ್ನ ಶಿರೋನಾಮೆ, ಈಗ ಒಂದು ಸಾಲು ಸರಿಸಲು ಕೌಂಟರಿನ ಮುಂದೆ ರೋಗಿಗಳ ಜೊತೆ ಸರದಿಯಲ್ಲಿ ನಿಲ್ಲಬೇಕೇ, ಇದಕ್ಕೆಲ್ಲ ನೀನೇ ಕಾರಣ ಎಂದು ಒಂದೇ ಉಸಿರಿಗೆ ಕೂಗಾಡಿದ. ನಾನು ಫೋನನ್ನು ಮೇಜಿನ ಮೇಲಿಟ್ಟು ಬಟಾಣಿ ಮುಗಿಸಿದೆ. ಮತ್ತೆ ಕಿವಿಗಿಟ್ಟಾಗ ಇನ್ನೂ ಕೂಗುತ್ತಲೇ ಇದ್ದ, ನಡುವೆ ಗಟ್ಟಿಯಾಗಿ ಒಂದು ಸೀನನ್ನೂ ಸೀನಿ, ತಡವರಿಸದೆ ಮುಂದುವರಿಸಿದ.

“ಗಂಟು ಹೇಗಿದೆ?” ಎಂದೆ.

“ಯಾವ ಗಂಟು?” ಎಂದ.